ಗುತ್ತಿಗೆದಾರರ ಫೋನೂ ಮೇಡಂ ಪಾಠವೂ

ಸಂಜೆಯ ವಯಸ್ಕರ ತರಗತಿಯಲ್ಲಿ ಗುತ್ತಿಗೆದಾರ ವಿರೂಪಣ್ಣ ಪಾಠದ ನಡುವೆಯೇ ಫೋನಿನಲ್ಲಿ ಅರಚುತ್ತಿದ್ದರು. "ಏನೂ ಕೇಳಿಸಲ್ಲ ಮೇಡಂ, ನಾಳೆಯಿಂದ ಬರಲ್ಲ," ಎಂದರು ಬೀಡಿ ಕಟ್ಟುವ ಹೆಂಗಸರು. ಅವರು ಬಿಟ್ಟರೆ ತರಗತಿಯೇ ಮುಚ್ಚುತ್ತದೆ. ವಿರೂಪಣ್ಣನಿಗೆ ಹೇಳಿದರೆ, "ನಾನೇನು ಚಿಕ್ಕ ಹುಡುಗನಾ?" ಅನ್ನುತ್ತಾರೆ. ದೊಡ್ಡವರನ್ನು ಬೆಂಚಿನ ಮೇಲೆ ನಿಲ್ಲಿಸುವಂತಿಲ್ಲ, ಅದೇ ಕಷ್ಟ. ಆದರೂ ಮೇಡಂ ಬಿಡುವವರಲ್ಲ.

ಮತ್ತೆ ಫೋನು ಬಂತು. ಮೇಡಂ ಸೀಮೆಸುಣ್ಣ ಕೆಳಗಿಟ್ಟು, "ಸುಮ್ಮನಿರಿ, ಅಣ್ಣನವರ ಮಾತು ಕೇಳೋಣ," ಎಂದು ಕೈಕಟ್ಟಿ ಕೂತರು. ಇಡೀ ತರಗತಿ ಕೈಕಟ್ಟಿತು. ಫೋನಿನ ಆ ಕಡೆ ವಿರೂಪಣ್ಣನ ಹೆಂಡತಿ.

"ಹೂಂ ಕಣೇ... ಬಟ್ಟೆ ಒಣಹಾಕೇ ಬಂದೆ," ವಿರೂಪಣ್ಣನ ದನಿ ತಗ್ಗಿತು.

"ಕ್ಲಿಪ್ಪು ಹಾಕಿದ್ರಾ ಅಣ್ಣಾ? ಗಾಳಿ ಜೋರಿದೆ," ಎಂದಳು ಹಿಂದಿನ ಬೆಂಚಿನ ಹುಸೇನಬಿ.

ವಿರೂಪಣ್ಣ ಫೋನು ಆಫ್ ಮಾಡಿದರು.

ಮರುದಿನ ಹೆಂಗಸರು, ಇವತ್ತೂ ಫೋನು ಬಂದರೆ ಕೇಳೋಣವೆಂದು, ಬೇಗನೇ ಬಂದರು. ವಿರೂಪಣ್ಣ ಅದನ್ನು ಮನೆಯಲ್ಲೇ ಬಿಟ್ಟಿದ್ದರು. ಬೇರೆ ದಾರಿಯಿಲ್ಲದೆ ಎಲ್ಲರೂ ಪಾಠ ಕೇಳಿದರು.