ಹೆಸರಿನ ಜಾಗದಲ್ಲಿ ಒತ್ತಿದ ಅಕ್ಷರ

“ಮೇಷ್ಟ್ರೇ, ದಾಟಿಸಿಕೊಂಡು ಬಂದ ಮೇಲೂ ಅದನ್ನ ತೊಡಕು ಅಂತ ಬರೀಬೇಕಾ?” ಎಂದು ಭಾಗೀರಥಿ ಕೇಳಿದಳು.

ಇನ್ನೂ ಬಿಡುಗಡೆಯಾಗದ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಅವಳು ಪರೀಕ್ಷಿಸುತ್ತಿದ್ದಳು. ಕನ್ನಡದಲ್ಲಿ ಕೆಲಸ ಮಾಡುವ ಸಿಸ್ಟಮ್ ಅದು. ಕಂಪ್ಯೂಟರಿಗೆ ಹಾಕುವಾಗ ಮೂರು ಸಲ ಹೆಸರು ಕೇಳುವಲ್ಲೇ ನಿಂತಿತ್ತು. ನಾಲ್ಕನೆಯ ಸಲ ಹೇಗೋ ದಾಟಿಸಿದ್ದಳು. ವರದಿ ಅಂದೇ ಹೋಗಬೇಕಿತ್ತು.

ಆ ಕೆಲಸ ಕಲಿಸಿದ ಮರಿಯಪ್ಪ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಓದಿದ್ದು ಏಳನೆಯ ತರಗತಿ. ಕಂಪ್ಯೂಟರನ್ನು ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತವನು. ಆಗಿನ ಕಾಲವೇ ಬೇರೆ. ಸಿಸ್ಟಮ್ ಸಿಡಿಯಲ್ಲಿ ಬರುತ್ತಿತ್ತು, ಸಿಡಿ ಅಂಚೆಯಲ್ಲಿ ಬರುತ್ತಿತ್ತು. ಅವನೂ ಸೇರಿ ಏಳು ಜನ ಪರೀಕ್ಷಕರಿಗೆ ಎರಡು ಯಂತ್ರ. ಸಂಬಳವಿಲ್ಲ, ಕೇಳುವವರಿಲ್ಲ. ಪರದೆಯ ಮೇಲೆ ‘ಮುಂದೆ’ ಎಂಬ ಪದ ಮೊದಲ ಸಲ ಕನ್ನಡದಲ್ಲಿ ಮೂಡಿದ ದಿನ ಏಳೂ ಜನ ಎದ್ದು ನಿಂತರು. ಒಬ್ಬ ಅತ್ತ. ಉಳಿದವರು ಅವನನ್ನು ಗೇಲಿ ಮಾಡುತ್ತ ತಾವೂ ಕಣ್ಣೊರೆಸಿಕೊಂಡರು. ಅಂಥ ದಿನ ಅವರ ಬಾಳಿನಲ್ಲಿ ಮತ್ತೆ ಬರಲಿಲ್ಲ.

ಆ ಸಂತೋಷದಲ್ಲಿ ಪರೀಕ್ಷಕ, ಹೆಸರು ಕೇಳಿದ ಜಾಗದಲ್ಲಿ, ತನ್ನ ಹೆಸರನ್ನು ಕನ್ನಡದಲ್ಲೇ ಬರೆದ. ಯಂತ್ರ ಅಲ್ಲೇ ನಿಂತಿತು. ಸಿಡಿ ಒರೆಸಿ ಹಾಕಿದ. ತಂತಿ ಬಿಚ್ಚಿ ಸಿಕ್ಕಿಸಿದ. ಇನ್ನೊಂದು ಯಂತ್ರದಲ್ಲಿ ಹಾಕಿ ನೋಡಿದ. ಮತ್ತೆ ಅಲ್ಲೇ ನಿಂತಿತು.

“ಏನು ಮಾರಾಯ, ಜಾತಕ ಬರೆಯೋಕೆ ಕೂತಿದ್ದೀಯಾ? ಇಂಗ್ಲಿಷಲ್ಲಿ ಒಂದು ‘ಎ’ ಒತ್ತು. ಹೋಗುತ್ತೆ ಮುಂದಕ್ಕೆ,” ಎಂದ ಜೊತೆಗಾರ.

ಒತ್ತಿದ. ಹೋಯಿತು. ಅಂದಿನಿಂದ ಏಳೂ ಜನರಿಗೆ ಅದೇ ರೂಢಿಯಾಯಿತು. ದಿನಕ್ಕೆ ಹತ್ತು ಸಲ ಸಿಸ್ಟಮ್ ಹಾಕಿ ತೆಗೆಯುವವರು ಹತ್ತು ಸಲವೂ ‘ಎ’ ಒತ್ತಿದರು. ಸಣ್ಣಪುಟ್ಟ ತೊಡಕುಗಳನ್ನೆಲ್ಲ ಹೆಕ್ಕಿ ಹೆಕ್ಕಿ ವರದಿ ಮಾಡಿದರು. ಹೆಸರಿನ ಜಾಗದ ಎದುರಿಗೆ ಮಾತ್ರ ‘ತೊಡಕಿಲ್ಲ’ ಎಂದು ಬರೆದರು. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ಅದು ಅವರ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಕನ್ನಡದ ಹೆಸರನ್ನು ಬಾಗಿಲಲ್ಲೇ ತಡೆಯುವ ಸಿಸ್ಟಮ್, ಕನ್ನಡದ ಸಿಸ್ಟಮ್ ಎಂದು ಬಿಡುಗಡೆಯಾಯಿತು. ಭಾಷಣವಾಯಿತು. ಏಳೂ ಜನ ನಾಚಿಕೆಯಿಲ್ಲದೆ ಶಾಲು ಹೊದ್ದುಕೊಂಡು ಬಂದರು.

ಅದೇ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ಸಂಜೆ ಶಾಲೆಯಲ್ಲಿ. ಕೈ ನಡುಗಿ ಪೆನ್ನು ನಿಲ್ಲುತ್ತಿರಲಿಲ್ಲ, ಆದರೆ ಕೀಲಿ ಒತ್ತಲು ಬರುತ್ತಿತ್ತು. ತನ್ನ ಕೈಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಕಣ್ಣು ಮುಚ್ಚುವ ಮೊದಲು ಬರೆದಿಡಬೇಕು ಎಂಬುದೊಂದೇ ಅವಳ ಆಸೆ. ಶಾಲೆಯ ಕಂಪ್ಯೂಟರಿಗೆ ಆ ಸಿಸ್ಟಮ್ ಹಾಕಲು ತಾನೇ ಕೂತಳು. ಹೆಸರು ಕೇಳಿತು. ಒಂದೊಂದೇ ಅಕ್ಷರ ಹುಡುಕಿ ಬರೆದಳು. ಯಂತ್ರ ನಿಂತಿತು. ಮೂರು ದಿನ ಬಂದು ಮೂರು ಸಲ ಬರೆದಳು. ತನ್ನ ಕಾಗುಣಿತವೇ ತಪ್ಪಿರಬೇಕೆಂದು ನಾಚಿ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಶಾಲೆಯವರು ನೋಡಿ ಪರೀಕ್ಷಕನನ್ನು ಕರೆಸಿದರು. ಅವನು ಕೂರಲೂ ಇಲ್ಲ. ನಿಂತಲ್ಲೇ ಬಗ್ಗಿ, ಅವಳ ಹೆಸರನ್ನು ಅಳಿಸಿ, ‘ಎ’ ಒತ್ತಿದ. ಯಂತ್ರ ಮುಂದೆ ಹೋಯಿತು.

“ಅದ್ಯಾರ ಹೆಸರಪ್ಪಾ?” ಎಂದಳು ಸೂಲಗಿತ್ತಿ.

“ನಿಮ್ಮದೇ ಅಂದ್ಕೊಳ್ಳಿ ಅಮ್ಮಾ. ಇದಕ್ಕೆ ಅಷ್ಟು ಸಾಕು.”

ಅವಳು ಎದ್ದಳು.

“ಅಡ್ಡ ತಿರುಗಿದ ಕೂಸುಗಳು ಎಷ್ಟೋ ಈ ಕೈಯಲ್ಲಿ ಹೊರಗೆ ಬಂದವೆ ಮಗಾ. ನಾನೇ ಕೈಯಿಟ್ಟು ತಿರುಗಿಸಿದೆ. ನೀನೇ ಸರಿಯಾಗಿ ಬಾ ಅಂತ ಕೂಸಿಗೆ ಒಂದು ದಿನವೂ ಹೇಳಲಿಲ್ಲ. ನೀನು ನನ್ನ ಹೆಸರನ್ನೇ ಅಳಿಸಿಬಿಟ್ಟೆ.”

ಸೆರಗು ಹೊದ್ದು ಹೊರಟುಹೋದಳು. ಮತ್ತೆ ಆ ಶಾಲೆಗೆ ಬರಲಿಲ್ಲ.

ಪರೀಕ್ಷಕ ಅವಳ ಕುರ್ಚಿಯಲ್ಲಿ ಕೂತ. ಏಳು ಜನ ಎದ್ದು ನಿಂತ ದಿನ ನೆನಪಾಯಿತು. ಅಂದೇ, ಆ ಸಂತೋಷದ ನಡುವೆಯೇ, ಈ ತೊಡಕು ಅವನ ಕೈಗೆ ಸಿಕ್ಕಿತ್ತು. ಅಂದು ಬರೆಯಬೇಕಾಗಿದ್ದ ಸಾಲನ್ನು ಈಗ ಬರೆದ: ಹೆಸರನ್ನು ಕನ್ನಡದಲ್ಲಿ ಬರೆದರೆ ಮುಂದೆ ಹೋಗುವುದಿಲ್ಲ.

ಮೇಷ್ಟ್ರು ಕತೆಯನ್ನು ಅಲ್ಲಿಗೆ ಮುಗಿಸಿದರು.

“ಆಮೇಲೆ ಸರಿಹೋಯ್ತಾ?” ಎಂದು ಭಾಗೀರಥಿ ಕೇಳಿದಳು.

“ಮುಂದಿನ ಸಿಡಿಯಲ್ಲಿ ಸರಿಹೋಯ್ತು. ಅಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಒಂದು ಪುಟವೂ ಉಳಿಯಲಿಲ್ಲ.”

“ಎಂಥ ಜನ ಮೇಷ್ಟ್ರೇ! ಏಳು ಜನರಲ್ಲಿ ಒಬ್ಬರಿಗಾದರೂ ಹೊಳೀಬಾರದಿತ್ತಾ?” ಎಂದು ಅವಳು ಸಿಟ್ಟಾದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವಳತ್ತ ನೋಡಿದರು.

“ನಾಲ್ಕನೆಯ ಸಲ ನೀನು ಹೆಸರಿನ ಜಾಗದಲ್ಲಿ ಏನು ಒತ್ತಿದೆ, ಭಾಗೀರಥಿ?”