ಮೈಗೆ ಹತ್ತದ ಬಿಸಿಲು

ಕೃಷ್ಣೆಯ ದಂಡೆಯ ಆಶ್ರಮವೊಂದರಲ್ಲಿ ಮಹಾಂತಯ್ಯ ಎಂಬ ಹಿರಿಯ ವೈದ್ಯರಿದ್ದರು. ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ, ಸಾಕೆನಿಸಿದಾಗ ಅಲ್ಲಿಗೆ ಬಂದವರು. ಅವರ ಬಳಿ ಕಲಿಯಲು ಬಂದ ಶ್ರೀಶೈಲನಿಗೆ ಓದು ಬೇಕಾದಷ್ಟಿತ್ತು, ತಾಳ್ಮೆ ಇರಲಿಲ್ಲ.

ಒಂದು ಮುಂಜಾನೆ ಹುಲಿಗೆವ್ವ ಮೂರನೆಯ ಸಲ ಬಂದಳು. ಕಂಕುಳಲ್ಲಿ ನಾಲ್ಕು ವರ್ಷದ ಮಗಳು ಕಸ್ತೂರಿ, ತಲೆಗೆ ಕುಲಾವಿ. ಮಗುವಿನ ಕಾಲುಗಳು ಬಿಲ್ಲಿನಂತೆ ಬಾಗಿದ್ದವು. ನೆಲಕ್ಕಿಳಿಸಿದರೆ ಚೀರುತ್ತಿತ್ತು.

"ಬಿಸಿಲಿಗೆ ಕೂರಿಸಿದೆಯಾ?" ಎಂದ ಶ್ರೀಶೈಲ.

"ದಿನಾ ಮಾಳಗಿ ಮ್ಯಾಲೆ ತೊಡೀಮ್ಯಾಲ ಇಟ್ಕೊಂಡ ಕುಂದರ್ತೀನ್ರಿ."

"ಹನಿ ಔಷಧ?"

"ಒಂದ ದಿನಾನೂ ತಪ್ಪಿಸಿಲ್ರಿ."

"ಸುಳ್ಳು ಹೇಳಬೇಡ. ತಪ್ಪಿಸದಿದ್ದರೆ ಎಲುಬು ಇಷ್ಟೊತ್ತಿಗೆ ಗಟ್ಟಿಯಾಗುತ್ತಿತ್ತು. ಈ ಸೀಮೆಯಲ್ಲಿ ಬಿಸಿಲಿಗೇನು ಬರವೇ?"

ಹುಲಿಗೆವ್ವ ಸೆರಗಿನಿಂದ ಮಗುವಿನ ಮೂಗು ಒರೆಸಿ, ಎದ್ದು ಹೊರಟಳು.

"ಕೂಡವ್ವಾ," ಎಂದರು ಬಾಗಿಲಲ್ಲಿ ನಿಂತಿದ್ದ ಮಹಾಂತಯ್ಯ. "ಬಳೆ ಒಂದಿಷ್ಟು ಮೇಲೆ ಸರಿಸು."

ಅವಳು ಸರಿಸಿದಳು. ಮುಂಗೈ ಹಂಚಿನಂತೆ ಕರಿಕಾಗಿತ್ತು. ಬಳೆ ಇದ್ದ ಕಡೆ ಮಾತ್ರ ತಿಳಿಬಣ್ಣದ ಪಟ್ಟೆ.

"ಶ್ರೀಶೈಲಾ, ಇದು ನೆರಳಲ್ಲಿ ಕೂತವಳ ಕೈಯೇನಪ್ಪಾ?"

ಶ್ರೀಶೈಲನ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ. "ಹಾಗಾದರೆ ಔಷಧ ಯಾಕೆ ಹತ್ತಲಿಲ್ಲ?"

"ರಕ್ತದ ವರದಿ ಏನನ್ನುತ್ತೆ?"

"ವಿಟಮಿನ್ ಡಿ ಬೇಕಾದ್ದಕ್ಕಿಂತ ಹೆಚ್ಚೇ ಇದೆಯಂತೆ. ಲ್ಯಾಬಿನವರು ತಪ್ಪಿದ್ದಾರೆ ಅಂದುಕೊಂಡೆ."

"ತಾಯಿಯೂ ತಪ್ಪಿದಳು, ಲ್ಯಾಬೂ ತಪ್ಪಿತು. ಮಗುವಿನ ಕುಲಾವಿ ತೆಗೆದು ನೋಡಿದೆಯಾ?"

ನೋಡಿರಲಿಲ್ಲ. ಈಗ ತೆಗೆದ. ನೆತ್ತಿ ನುಣ್ಣಗಿತ್ತು. ಹುಬ್ಬೂ ಇಲ್ಲದಂತಿತ್ತು.

"ಜವಳ ತೆಗೆಸಿದಿರಾ?" ಎಂದ ಶ್ರೀಶೈಲ.

"ತಗಸಾಕ ಎಲ್ಲಿದ್ದೂವ್ರಿ? ಹುಟ್ಟಿದಾಗ ಇದ್ದೂವು, ವರ್ಷ ತುಂಬೂದ್ರಾಗ ತಾವ ಉದುರಿದೂವು."

"ಯಾರನ್ನ ಮದುವೆಯಾಗಿದ್ದೀ ತಾಯಿ?" ಮಹಾಂತಯ್ಯ ಕೇಳಿದರು.

"ಸೋದರಮಾವನ್ನರೀ."

ಅವರು ಶಿಷ್ಯನತ್ತ ತಿರುಗಿದರು. "ಬಿಸಿಲಿನಿಂದ ಹುಟ್ಟಿದ ವಿಟಮಿನ್ನು ಲಿವರಿನಲ್ಲಿ, ಕಿಡ್ನಿಯಲ್ಲಿ ಹದಗೊಂಡು ಜೀವಕೋಶದ ಒಳಗೆ ಹೋಗುತ್ತೆ. ಅಲ್ಲಿ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟೀನು ಅದನ್ನು ಬರಮಾಡಿಕೊಳ್ಳಬೇಕು. ಗ್ರಾಹಕ ಅಂತೀವಲ್ಲ, ಅದು. ಎರಡೂ ಕೂಡಿ ವಂಶವಾಹಿಯ ಮೇಲೆ ಕೂತರೆ ಮಾತ್ರ, ಉಂಡದ್ದರಲ್ಲಿನ ಸುಣ್ಣದಂಶ, ಅದೇ ಕ್ಯಾಲ್ಸಿಯಂ, ಹೀರಿಕೋ ಅಂತ ಕರುಳಿಗೆ ಅಪ್ಪಣೆ ಸಿಗುತ್ತೆ. ಈ ಮಗುವಿನಲ್ಲಿ ಆ ಗ್ರಾಹಕವೇ ಊನ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇಂಥ ಊನ ತಂದೆತಾಯಿ ಇಬ್ಬರ ಕಡೆಯಿಂದಲೂ ಕೂಡಿ ಬರಬಹುದು. ಬಿಸಿಲು ತನ್ನ ಕೆಲಸ ಮಾಡಿದೆ. ಔಷಧವೂ ಮಾಡಿದೆ. ಬರಮಾಡಿಕೊಳ್ಳುವವರಿಲ್ಲ."

"ಕೂದಲು?"

"ಕೂದಲ ಬುಡಕ್ಕೂ ಆ ಗ್ರಾಹಕವೇ ಬೇಕು. ವಿಟಮಿನ್ ಬರಲಿ, ಬಿಡಲಿ."

ಹುಲಿಗೆವ್ವ ಅಷ್ಟೂ ಮಾತಿನಲ್ಲಿ ತನಗೆ ಬೇಕಾದ ಒಂದನ್ನೇ ಹೆಕ್ಕಿಕೊಂಡಳು.

"ಅಂದ್ರ ನಂದೇನೂ ತಪ್ಪಿಲ್ರೀ?"

"ಇಲ್ಲ ತಾಯಿ," ಎಂದ ಶ್ರೀಶೈಲ. "ತಪ್ಪು ನನ್ನದು. ನಿನ್ನ ಮಾತು ನಂಬಬೇಕಿತ್ತು."

ಅಲ್ಲಿಯವರೆಗೆ ಅಳದವಳು ಆಗ ಅತ್ತಳು.

"ಗ್ರಾಹಕವನ್ನು ರಿಪೇರಿ ಮಾಡಲು ಬರುತ್ತದೆಯೇ ಗುರುಗಳೇ?"

"ಬರೋದಿಲ್ಲ."

"ಮತ್ತೆ?"

"ಕರುಳು ಹೀರದಿದ್ದರೆ ಸುಣ್ಣದಂಶವನ್ನು ರಕ್ತಕ್ಕೇ ಹನಿಸು. ಪಕ್ಕದಲ್ಲೇ ಕೂತು, ಎದೆಬಡಿತ ನೋಡುತ್ತಾ. ಅವಸರ ಮಾಡಿದೆಯೋ, ಮಗುವಿನ ಹೃದಯ ತಡೆಯೋದಿಲ್ಲ."

ಅಂದಿನಿಂದ ತಿಂಗಳುಗಟ್ಟಲೆ ಶ್ರೀಶೈಲ ಆಶ್ರಮದಲ್ಲೇ ಮಗುವಿನ ಹಾಸಿಗೆಯ ಪಕ್ಕ ಕೂತ. ಹನಿ ಬೀಳುವುದನ್ನು ನೋಡುತ್ತ, ಕಸ್ತೂರಿ ಕೇಳಿದ ಗುಬ್ಬಿಯ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತ. ಒಂದು ದಿನ ಮಗ್ಗುಲು ಬದಲಿಸಿದಾಗ ಮಗು ಅಳಲಿಲ್ಲ. ಇನ್ನೊಂದು ದಿನ ಮಂಚದ ಕಾಲು ಹಿಡಿದು ನಿಂತಿತು. ವರ್ಷ ಕಳೆಯುವ ಹೊತ್ತಿಗೆ ಸೂಜಿ ನಿಂತು, ಬಾಯಿಗೇ ಹೆಚ್ಚು ಪ್ರಮಾಣದ ಸುಣ್ಣದಂಶದ ಪುಡಿ ಸಾಕಾಯಿತು.

ಊರಿಗೆ ಹೊರಡುವ ದಿನ ಹುಲಿಗೆವ್ವ ಕೇಳಿದಳು, "ಕೂದಲಾ ಯಾವಾಗ ಬರ್ತಾವ್ರಿ?"

ಶ್ರೀಶೈಲ ಅವಳ ಪಕ್ಕ ಕೂತು ಹೇಳಿದ. "ಬರೋದಿಲ್ಲ ತಾಯಿ."

ಅವಳು ಮಗುವಿನ ನೆತ್ತಿ ಸವರಿದಳು. ಆಮೇಲೆ ನಕ್ಕಳು. "ಹೋಗ್ಲಿ ಬಿಡ್ರಿ. ದಿನಾ ಹೆರಳ ಹಾಕೂ ಕೆಲಸ ಉಳೀತು."

ಶ್ರೀಶೈಲ ಕಸ್ತೂರಿಯ ಚಿಕಿತ್ಸೆಯ ಕಾಗದ ಹಿಡಿದು ಗುರುವಿನ ಬಳಿ ಬಂದ. ಅವರು ಹೊಳೆಯ ಕಡೆ ಮುಖಮಾಡಿ ಕಟ್ಟೆಯ ಮೇಲೆ ಕೂತಿದ್ದರು.

"ಗುರುಗಳೇ, ಒಳಗಿನ ಊನ ಇದ್ದಹಾಗೇ ಇದೆ. ನಾವು ಏನನ್ನೂ ಸರಿಮಾಡಲಿಲ್ಲ. ಇಲ್ಲಿ 'ಗುಣವಾಗಿದೆ' ಅಂತ ಬರೆಯಲೋ, 'ಇಲ್ಲ' ಅಂತ ಬರೆಯಲೋ?"

ಮರಳ ಮೇಲೆ ಕಸ್ತೂರಿ ಮೇಕೆಮರಿಯೊಂದರ ಹಿಂದೆ ಓಡುತ್ತಿದ್ದಳು. ತಾಯಿ ಕೂಗುತ್ತಿದ್ದಳು. ಮಗಳು ನಿಲ್ಲುತ್ತಿರಲಿಲ್ಲ.

"ನನ್ನನ್ನೇನು ಕೇಳುತ್ತೀ?" ಎಂದರು ಮಹಾಂತಯ್ಯ. "ಹೋಗು, ಅವಳನ್ನು ಹಿಡಿದುಕೊಂಡು ಬಾ. ಕೇಳೋಣ."