ಕೊಟ್ಟಿಗೆಗೆ ಬಂದ ಟ್ರ್ಯಾಕ್ಟರು

"ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿ, ಅರಮನೆ ಟ್ರ್ಯಾಕ್ಟರಿನ ತೋಳು ಎತ್ತಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಉಳಿಯುವುದಿಲ್ಲ!"

ಮಂಜಿನಗಿರಿಯ ಬೀದಿಯಲ್ಲಿ ಡಂಗುರ ಹೀಗೆ ಸಾರಿದಾಗ ದನಗಾಹಿ ಜುಂಜಯ್ಯ ಹಾಲಿನ ಕ್ಯಾನು ಕೆಳಗಿಟ್ಟ. ನಾಡಿಗೆಲ್ಲ ಇದ್ದದ್ದು ಅದೊಂದೇ ಟ್ರ್ಯಾಕ್ಟರು. ಅದರ ತೋಳಿಗೆ ಬಿಗಿದ ಮುಂದಿನ ಹಲಗೆ ಎದ್ದರೆ ದಾರಿಯ ಹಿಮ ಸರಿಯಬೇಕು, ಹಿಮ ಸರಿದರೆ ಸೂಲಗಿತ್ತಿ ಮೇಲಿನ ಹಟ್ಟಿಗೆ ಹೋಗಬೇಕು. ಅಲ್ಲಿ ಅವನ ತಂಗಿ ಚಿತ್ತಮ್ಮ ಇವತ್ತೋ ನಾಳೆಯೋ ಹೆರುವಂತಿದ್ದಳು.

ಒಗಟುಗಳು ಟ್ರ್ಯಾಕ್ಟರಿನ ಮುದಿ ಡ್ರೈವರನವು. ಮಾತೆತ್ತಿದರೆ ಒಗಟು ಹಾಕುತ್ತಿದ್ದ ಆ ಪುಣ್ಯಾತ್ಮ ಕಣ್ಮುಚ್ಚುವ ಮುಂಚೆ ಅರಸುಕುಮಾರಿ ನೀಲಾಜಮ್ಮಣ್ಣಿಗೆ ಅಷ್ಟೇ ಹೇಳಿ ಹೋಗಿದ್ದ. ಉತ್ತರ ಅವಳಿಗೂ ತಿಳಿಯದು. ತೀರ್ಪು ಟ್ರ್ಯಾಕ್ಟರಿನದೇ.

ಮೊದಲ ಒಗಟಿಗೆ ಸೇನಾಪತಿ "ತುಕ್ಕು" ಎಂದು ಕೀಲುಗಳಿಗೆಲ್ಲ ಸುತ್ತಿಗೆ ಏಟು ಕೊಟ್ಟ. ತೋಳು ಕದಲಲಿಲ್ಲ. ರತ್ನದ ವ್ಯಾಪಾರಿ "ಸೋಮಾರಿ ಎಂಜಿನ್ನು" ಎಂದು ಆಕ್ಸಿಲರೇಟರು ಪೂರ್ತಿ ಒತ್ತಿ ಲಿವರ್ ಜಗ್ಗಿದ. ಒಳಗಿನ ಪಂಪು ಕಿರುಚಿತೇ ಹೊರತು ತೋಳು ಏಳಲಿಲ್ಲ. ಕೊಡಲಿಯೂ ಹಿಮಕ್ಕೆ ಮರಗಟ್ಟಿದ್ದರಿಂದ ಇಬ್ಬರನ್ನೂ ಸದ್ಯಕ್ಕೆ ಸೆರೆಗೆ ಹಾಕಿದರು.

ಜುಂಜಯ್ಯ ಕಂಬಳಿ ಹೊದ್ದು ಬಂದು ನಿಂತ.

"ಬೇಸಿಗೆಯಲ್ಲಿ ಓಡುತ್ತಾನೆ, ಚಳಿಯಲ್ಲಿ ಮೈ ಭಾರ ಮಾಡಿಕೊಂಡು ಕೂರುತ್ತಾನೆ. ಇವನು ಕದಲದೆ ಕಬ್ಬಿಣದ ತೋಳು ಕದಲದು. ಯಾರು?" ಎಂದಳು ಅಮ್ಮಣ್ಣಿ.

"ಚಳಿಗೆ ತುಪ್ಪ ಗಟ್ಟಿಯಾಗಲ್ವಾ, ಹಂಗೇ ತೋಳೆತ್ತೋ ಎಣ್ಣೆ ಕಣವ್ವ."

"ಯಾರೂ ಕರೆಯಲಿಲ್ಲ, ಯಾರೂ ಸುರಿಯಲಿಲ್ಲ. ಅರ್ಧ ಖಾಲಿ ಮನೆ ನೋಡಿ ಒಳಗೇ ಹುಟ್ಟಿದ. ಈಗ ಬಾಗಿಲಲ್ಲಿ ಕಲ್ಲಾಗಿ ಕೂತಿದ್ದಾನೆ."

ಜುಂಜಯ್ಯ ತೋಳಿನ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದ. ಎಣ್ಣೆ ಅರ್ಧಕ್ಕಿಳಿದಿತ್ತು, ಬಣ್ಣ ಬೆಳ್ಳಗಾಗಿತ್ತು. "ಹಾಲಿಗೆ ನೀರು ಬೆರೆತ್ರೆ ನಂಗೆ ತಿಳೀದಾ? ಖಾಲಿ ಜಾಗದಾಗೆ ಬೆವರು ಕಟ್ಟಿ ನೀರಾಗೈತೆ, ಎಣ್ಣೆ ಸೋಸೋ ಜಾಲರಿಯಾಗೆ ಹೆಪ್ಪುಗಟ್ಟೈತೆ."

"ಕೈ ಬಲವಾದಷ್ಟೂ ಕೆಲಸ ಕೆಡುತ್ತದೆ. ಲಿವರಿಗೆ ಕೈ ಹಾಕುವ ಮೊದಲು ಏನು ಬೇಕು?"

ಅವನು ಅಮ್ಮಣ್ಣಿಯ ಪಕ್ಕ ನಿಂತಿದ್ದ ಮಹಾರಾಜರತ್ತ ನೋಡಿದ. ದಿನಾ ಬೆಳಿಗ್ಗೆ ಟ್ರ್ಯಾಕ್ಟರು ಹತ್ತಿ, ಎಂಜಿನ್ನು ಗುಟುರು ಹಾಕುತ್ತಲೇ ಲಿವರ್ ಜಗ್ಗುತ್ತಿದ್ದವರು ಸ್ವತಃ ಮಹಾರಾಜರು. ಊರಿಗೆಲ್ಲ ಗೊತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಂಗಿಯ ಮುಖ ಕಣ್ಮುಂದೆ ಬಂತು.

"ತಾಳ್ಮೆ ಬೇಕು, ಸ್ವಾಮಿ. ಹಸ ಹಾಲಿಳಿಸೋಗಂಟ ಕರು ಬಿಟ್ಟು ಕಾಯ್ತೀವಿ. ನೀವು ಇದು ಬೆಚ್ಚಗಾಗೋಗಂಟ ಕಾದಿಲ್ಲ."

ಮಹಾರಾಜರ ಮುಖ ಕೆಂಪಾಯಿತು. "ತೋಳು ಏಳದಿದ್ದರೆ ನಿನ್ನ ತಲೆ ಮೊದಲು!"

ಟ್ರ್ಯಾಕ್ಟರನ್ನು ಜುಂಜಯ್ಯನ ಕೊಟ್ಟಿಗೆಗೆ ತಳ್ಳಿದರು. ನಲವತ್ತು ದನಗಳ ಮೈಬಿಸಿಯಲ್ಲಿ ಅದು ಹಗಲೆಲ್ಲ ನಿಂತಿತು. ಅಮ್ಮಣ್ಣಿ ತನ್ನ ಶಾಲನ್ನೇ ಟ್ಯಾಂಕಿಗೆ ಹೊದಿಸಿದಳು. ಸಂಜೆಗೆ ಜಾಲರಿಯ ಹಿಮ ಕರಗಿತು. ಬಿಳಿಚಿದ ಎಣ್ಣೆ ಬಸಿದು, ಚಳಿಗಾಲದ ತೆಳು ಎಣ್ಣೆಯನ್ನು ಗುರುತಿನವರೆಗೆ ತುಂಬಿದರು.

ಜುಂಜಯ್ಯ ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು ಸುಮ್ಮನೆ ನಿಂತ. ಕಾಲು ಗಂಟೆ. ಮಹಾರಾಜರ ಬೆರಳು ಲಿವರಿನತ್ತ ಹೋಗುವುದು, ಮಗಳ ಮುಖ ನೋಡಿ ಹಿಂದೆ ಬರುವುದು. ಕೊನೆಗೆ ಜುಂಜಯ್ಯ ಎರಡೇ ಬೆರಳಿನಿಂದ ಲಿವರ್ ಸರಿಸಿದ. ತೋಳು ಎದ್ದಿತು!

"ಏನು ಬೇಕೋ ಕೇಳಪ್ಪ," ಎಂದರು ಮಹಾರಾಜರು. ದನಿ ಮೆತ್ತಗಾಗಿತ್ತು.

"ಸೆರೆಯಾಗಿರೋ ಇಬ್ಬರ ತಲೆ ಉಳಿಸ್ರಿ. ದಾರಿ ಮೊದಲು ಮೇಲಿನ ಹಟ್ಟಿಗೆ ತೆಗೀಲಿ, ಬುದ್ಧಿ. ಅಷ್ಟೇ."

ಸೂಲಗಿತ್ತಿಯನ್ನು ಕೂರಿಸಿಕೊಂಡು ಹಟ್ಟಿ ಮುಟ್ಟಿದಾಗ ಚಿತ್ತಮ್ಮನಿಗೆ ನೋವು ಶುರುವಾಗಿತ್ತು. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಕೂಸಿನ ಅಳು ಕೇಳಿತು. ಜುಂಜಯ್ಯ ಚಕ್ರಕ್ಕೆ ಒರಗಿ ತಾನೂ ಅತ್ತುಬಿಟ್ಟ.

ಜೊತೆಗೇ ಬಂದು ಪಕ್ಕದಲ್ಲಿ ನಿಂತಿದ್ದ ಅಮ್ಮಣ್ಣಿ ಮೆಲ್ಲಗೆ ಕೇಳಿದಳು: "ಅಪ್ಪ ಏನು ಬೇಕೋ ಕೇಳು ಅಂದಾಗ ನೀವು ನನ್ನನ್ನು ಮದುವೆಗೆ ಕೇಳಲೇ ಇಲ್ಲವಲ್ಲ?"

"ನೀವು ಹ್ಞೂಂ ಅನ್ನೋಗಂಟ ಕಾಯಾನ ಅಂತಿದ್ದೆ, ಅಮ್ಮಣ್ಣಿ."

"ಹ್ಞೂಂ," ಎಂದಳು ಅವಳು.